ಸೋಲಿಗೂ ಗೆಲುವಿಗೂ ಒಂದೇ ತಕ್ಕಡಿ



ಈ ವರ್ಷ ನಮ್ಮ ಶಾಲೆಯ ಕನ್ನಡ ಸಂಘದ ಚರ್ಚಾಸ್ಪರ್ಧೆಗೆ ನಾವು ಕೊಟ್ಟ ವಿಷಯ, "ಮೈಸೂರಿನ ಸೈನ್ಯ ಸೋತದ್ದು ದ್ರೋಹದಿಂದಲೇ ಹೊರತು ದೌರ್ಬಲ್ಯದಿಂದಲ್ಲ" ಎಂಬುದು. ಒಂಬತ್ತು ಮತ್ತು ಹತ್ತನೆಯ ತರಗತಿಗಳ ಎಂಟು ಮಂದಿ ಮಾತನಾಡಿದರು. ಪರವಾಗಿ ಮಾತನಾಡಿದವರು ಮೀರ್ ಸಾದಿಕನನ್ನು ಹಿಡಿದು ಝಾಡಿಸಿದರು. ವಿರೋಧವಾಗಿ ಮಾತನಾಡಿದವರು ಇಂಗ್ಲಿಷರ ಶಿಸ್ತು, ಫಿರಂಗಿ, ಹಣಬಲಗಳನ್ನು ಎತ್ತಿ ಹೇಳಿದರು. ಚಪ್ಪಾಳೆಗೇನೂ ಕೊರತೆಯಿರಲಿಲ್ಲ. ತೀರ್ಪುಗಾರರು ಬಹುಮಾನ ಪ್ರಕಟಿಸಿ, ಸಭೆ ಮುಗಿದು, ಬೆಂಚುಗಳನ್ನು ಎತ್ತಿಡುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು ಕೇಳಿದಳು: "ಸಾರ್, ಎರಡು ಕಡೆಯವರೂ ಪುಸ್ತಕದಲ್ಲಿ ಇರೋದನ್ನೇ ಹೇಳಿದರು. ಹಾಗಾದರೆ ಪುಸ್ತಕ ಬರೆದವರು ಯಾರ ಕಡೆ? ನಾವು ಯಾರ ಕಡೆ?"

ನಾಲ್ಕು ದಿನ ಕಳೆದ ಮೇಲೆ ಆ ಹುಡುಗಿಯ ತಂದೆಯವರು ಶಾಲೆಗೆ ಬಂದರು. ಜಗಳಕ್ಕೆ ಬಂದವರಲ್ಲ, ಆದರೆ ಮುಖದಲ್ಲಿ ಬೇಸರವಿತ್ತು. "ಸಾರ್, ನಮ್ಮ ದೊಡ್ಡ ಹುಡುಗ ಮಿಲಿಟರಿಯಲ್ಲಿದ್ದಾನೆ, ನಿಮಗೆ ಗೊತ್ತಲ್ಲ. ಗಡಿಯಲ್ಲಿದ್ದಾನೆ. ಮನೆಯಲ್ಲಿ ಚಿಕ್ಕವಳು ಸೈನ್ಯ ಯಾಕೆ ಸೋಲುತ್ತೆ, ಹೇಗೆ ಸೋಲುತ್ತೆ ಅಂತ ಮಾತಾಡಿದರೆ ಅವರ ತಾಯಿಗೆ ಹೇಗಾಗಬೇಡ? ಮಕ್ಕಳಿಗೆ ಗೆದ್ದ ಕಥೆ ಹೇಳಿಕೊಡಿ ಸಾರ್. ಸೋತ ಕಥೆ ಯಾತಕ್ಕೆ?" ಎಂದರು.

ಮಗಳ ಪ್ರಶ್ನೆಗೂ ತಂದೆಯ ಪ್ರಶ್ನೆಗೂ ಆ ಹೊತ್ತಿನಲ್ಲಿ ನಾವು ಸರಿಯಾದ ಉತ್ತರ ಕೊಡಲಿಲ್ಲ. ಆದ್ದರಿಂದ ಈ ವಾರ್ಷಿಕ ಸಂಚಿಕೆಯಲ್ಲಿ ನಮಗೆ ಸಿಕ್ಕಿರುವ ಪುಟಗಳನ್ನು ಅದಕ್ಕಾಗಿಯೇ ಬಳಸಿಕೊಳ್ಳುತ್ತಿದ್ದೇವೆ.

ಮೊದಲು, ಈ ಮಾತು ನಮಗೆ ಏಕೆ ಬೇಕು ಎಂಬುದನ್ನು ನೋಡೋಣ. ಕಿಣತ್ತುಕಡವಿನ ಪೊನ್‌ಮಲೆಯ ಮೇಲೆ ವೇಲಾಯುಧಸ್ವಾಮಿಯ ಸನ್ನಿಧಿಯಲ್ಲಿ ನಿಂತು ಸುತ್ತಲೂ ನೋಡಿರಿ. ಉತ್ತರಕ್ಕೆ ಕೊಯಮತ್ತೂರು, ದಕ್ಷಿಣಕ್ಕೆ ಪೊಳ್ಳಾಚಿ. ಪಶ್ಚಿಮಕ್ಕೆ ಬೆಟ್ಟಗಳ ಸಾಲು ಮುರಿದು ಪಾಲಕ್ಕಾಡಿನ ಕಣಿವೆ ಬಾಯ್ದೆರೆದುಕೊಂಡಿದೆ. ಆಷಾಢದ ಗಾಳಿ ನಮ್ಮ ತೆಂಗಿನ ಮರಗಳನ್ನು ಬಗ್ಗಿಸುವುದು ಈ ಬಾಗಿಲಿನಿಂದ ನುಗ್ಗಿಯೇ. ಗಾಳಿ ಬಂದ ದಾರಿಯಲ್ಲಿಯೇ ಸೈನ್ಯಗಳೂ ಬಂದವು. ಮಲಬಾರಿನಿಂದ ಕೊಂಗುನಾಡಿಗೆ, ಕೊಂಗುನಾಡಿನಿಂದ ಮಲಬಾರಿಗೆ ಫಿರಂಗಿ ಎಳೆದುಕೊಂಡು ಹೋಗಲು ಇದಕ್ಕಿಂತ ಸುಲಭವಾದ ದಾರಿ ಇರಲಿಲ್ಲ. ೧೭ನೆಯ ಶತಮಾನದಲ್ಲಿ ಈ ಸೀಮೆ ಮೈಸೂರಿನ ಆಳ್ವಿಕೆಗೆ ಸೇರಿತು. ೧೭೬೬ರಲ್ಲಿ ಹೈದರಾಲಿ ಪಾಲಕ್ಕಾಡಿನಲ್ಲಿ ಭದ್ರವಾದ ಕೋಟೆ ಕಟ್ಟಿಸಿದ್ದು ಈ ಬಾಗಿಲಿಗೆ ಬೀಗ ಹಾಕಲೆಂದೇ. ಆ ಬೀಗ ಹಲವು ಬಾರಿ ಕೈ ಬದಲಾಯಿಸಿತು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದ ಮೇಲೆ ಪಾಲಕ್ಕಾಡು ಮಲಬಾರಿನೊಡನೆ ಇಂಗ್ಲಿಷ್ ಕಂಪನಿಗೆ ಹೋಯಿತು, ಕೊಯಮತ್ತೂರು ಟಿಪ್ಪುವಿನ ಬಳಿ ಉಳಿಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇದೂ ಕಂಪನಿಯ ಪಾಲಾಯಿತು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಣಿವೆ ದಾಟಿದರೆ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್. ಹೀಗೆ ಬದುಕುವ ನಮ್ಮ ಮಕ್ಕಳು ಒಂದೇ ಯುದ್ಧದ ಬಗ್ಗೆ ನಾಲ್ಕು ಕಥೆ ಕೇಳುತ್ತಾರೆ. ಕಣಿವೆಯ ಆಚೆಯವರಿಗೆ ಅದು ಟಿಪ್ಪುವಿನ 'ಪಡಯೋಟ್ಟಂ', ಅಂದರೆ ದಂಡಯಾತ್ರೆಯ ಭಯ. ಕೊಂಗುನಾಡಿನವರಿಗೆ ಅದು ಮೈಸೂರಿನೊಡನೆ ಸೇರಿ ಕಂಪನಿಯನ್ನು ಎದುರಿಸಿ, ೧೮೦೫ರಲ್ಲಿ ಸಂಕಗಿರಿಯಲ್ಲಿ ನೇಣಿಗೇರಿದ ಧೀರನ್ ಚಿನ್ನಮಲೈಯವರ ಕಥೆ. ಕರ್ನಾಟಕದಿಂದ ಬರುವ ಪತ್ರಿಕೆಗಳಲ್ಲಿ ಮೈಸೂರಿನ ಹುಲಿಯ ಹೊಗಳಿಕೆಯೂ ಇದೆ, ತೆಗಳಿಕೆಯೂ ಇದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಕಂಪನಿಯ ದಳಪತಿಗಳ ಶೌರ್ಯ. ಇವುಗಳಲ್ಲಿ ಯಾವುದನ್ನು ನಂಬುವುದು? ನಮ್ಮ ಹುಡುಗಿ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ.

ಈ ಯುದ್ಧಗಳನ್ನು ಬರೆದವರು ಯಾರು? ಕಂಪನಿಯ ಅಧಿಕಾರಿಗಳೇ ಮೊದಲು ಬರೆದರು. ಮೂರನೆಯ ಮೈಸೂರು ಯುದ್ಧದಲ್ಲಿದ್ದ ಮೇಜರ್ ಡೈರೋಮ್‌ನ ಪುಸ್ತಕ ೧೭೯೩ರಲ್ಲಿ, ಕೊನೆಯ ಯುದ್ಧವನ್ನು ಕುರಿತ ಬೀಟ್ಸನ್‌ನ ಪುಸ್ತಕ ೧೮೦೦ರಲ್ಲಿ ಹೊರಬಂದವು. ಇವೆಲ್ಲವನ್ನೂ ಮೀರಿದ ದೊಡ್ಡ ಗ್ರಂಥ ಮಾರ್ಕ್ ವಿಲ್ಕ್ಸ್ ಬರೆದದ್ದು. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ ಈತ ೧೮೧೦ರಿಂದ ೧೮೧೭ರವರೆಗೆ ಮೂರು ಸಂಪುಟಗಳಲ್ಲಿ ದಕ್ಷಿಣ ಭಾರತದ ಚರಿತ್ರೆಯನ್ನು ಪ್ರಕಟಿಸಿದ. ಇನ್ನೊಂದು ಕಡೆ ಹೈದರ್ ಮತ್ತು ಟಿಪ್ಪು ಇಬ್ಬರ ಸೇವೆಯಲ್ಲೂ ಇದ್ದ ಕಿರ್ಮಾನಿ ಪಾರ್ಸಿಯಲ್ಲಿ 'ನಿಶಾನ್-ಎ-ಹೈದರಿ' ಬರೆದ. ೧೭೮೪ರಷ್ಟು ಹಿಂದೆಯೇ ನಮ್ಮ ಕನ್ನಡದಲ್ಲಿ 'ಹೈದರ್ ನಾಮೆ' ಎಂಬ ಗದ್ಯಬರಹ ಹುಟ್ಟಿತು ಎಂಬುದನ್ನು ಕನ್ನಡ ಮಕ್ಕಳು ತಿಳಿದಿರಬೇಕು. ೨೦ನೆಯ ಶತಮಾನದಲ್ಲಿ ಸಿ. ಹಯವದನರಾಯರು ಮೈಸೂರಿನ ಇತಿಹಾಸವನ್ನು ಮೂರು ದೊಡ್ಡ ಸಂಪುಟಗಳಲ್ಲಿ ಬರೆದರು. ಮೊಹಿಬ್ಬುಲ್ ಹಸನರು ೧೯೫೧ರಲ್ಲಿ ಟಿಪ್ಪುವಿನ ಚರಿತ್ರೆ ಬರೆದು, ವಿಲ್ಕ್ಸನ ಹಲವು ತೀರ್ಪುಗಳನ್ನು ಪ್ರಶ್ನಿಸಿದರು.

ವಿಲ್ಕ್ಸ್ ಕಂಪನಿಯವನು, ಆದ್ದರಿಂದ ಅವನು ಹೇಳಿದ್ದೆಲ್ಲ ಸುಳ್ಳು ಎಂದು ಚರ್ಚೆಯಲ್ಲಿ ಒಬ್ಬ ಹುಡುಗ ಹೇಳಿದ. ಅದು ಸರಿಯಲ್ಲ. ಈ ಯುದ್ಧಗಳ ಎಷ್ಟೋ ವಿವರಗಳು ನಮಗೆ ದೊರೆಯುವುದೇ ಅವನಿಂದ. ಹೈದರನ ಸಾಮರ್ಥ್ಯವನ್ನು ಅವನು ಒಪ್ಪಿದ್ದಾನೆ. ಆದರೆ ಅವನು ಬರೆಯುತ್ತಿದ್ದಾಗ ಕಂಪನಿ ಟಿಪ್ಪುವಿನ ರಾಜ್ಯವನ್ನು ತೆಗೆದುಕೊಂಡು ಹತ್ತೇ ವರ್ಷ ಕಳೆದಿತ್ತು. ಆ ಕೆಲಸ ನ್ಯಾಯವಾದದ್ದೆಂದು ಜಗತ್ತಿಗೆ ತೋರಿಸುವ ಅಗತ್ಯ ಕಂಪನಿಗೆ ಇತ್ತು. ಇದನ್ನು ನೆನಪಿನಲ್ಲಿಟ್ಟು ಓದಬೇಕು, ಅಷ್ಟೆ. ಅದೇ ರೀತಿ ಟಿಪ್ಪುವಿನ ಸೇವೆಯಲ್ಲಿದ್ದವನು ಬರೆದದ್ದನ್ನೂ ಓದಬೇಕು. ಉಪ್ಪು ತಿಂದ ಮನೆಯ ಋಣ ಇಬ್ಬರಿಗೂ ಉಂಟು.

ಈಗ ಒಂದೇ ಯುದ್ಧದ, ಒಂದೇ ವರ್ಷದ ಎರಡು ಕೋಟೆಗಳ ಕಥೆಯನ್ನು ಪಕ್ಕಪಕ್ಕದಲ್ಲಿ ಇಡುತ್ತೇವೆ. ಒಂದು ನಮ್ಮ ಕೊಯಮತ್ತೂರು, ಇನ್ನೊಂದು ಧಾರವಾಡ.

೧೭೯೦ರ ಜುಲೈನಲ್ಲಿ ಜನರಲ್ ಮೆಡೋಸನ ಸೈನ್ಯ ಕೊಯಮತ್ತೂರನ್ನು ಹಿಡಿಯಿತು. ಮರುವರ್ಷ ಅಲ್ಲಿನ ದುರ್ಬಲವಾದ ಕೋಟೆಯಲ್ಲಿ ಲೆಫ್ಟಿನೆಂಟ್ ಚಾಲ್ಮರ್ಸ್ ಎಂಬ ಕಿರಿಯ ಅಧಿಕಾರಿ ಉಳಿದಿದ್ದ. ಅವನ ಕೈಕೆಳಗೆ ಇದ್ದವರು ಕೆಲವು ನೂರು ಮಂದಿ. ಹೆಚ್ಚಿನವರು ತಿರುವಿತಾಂಕೂರಿನ ಸಿಪಾಯಿಗಳು, ಉಳಿದವರು ಟೊಪಾಸ್ ಎಂದು ಕರೆಯುತ್ತಿದ್ದ ಮಿಶ್ರ ಪೋರ್ಚುಗೀಸ್ ಮೂಲದವರು. ೧೭೯೧ರ ಜೂನಿನಲ್ಲಿ ಮೈಸೂರಿನ ಸೈನ್ಯ ಬಂದು ಮುತ್ತಿತು. ಆಗಸ್ಟ್ ೧೧ರಂದು ಕೋಟೆಯ ಗೋಡೆ ಹತ್ತಿ ನುಗ್ಗಲು ಮಾಡಿದ ಪ್ರಯತ್ನವನ್ನು ಒಳಗಿದ್ದವರು ಹೊಡೆದು ಹಿಮ್ಮೆಟ್ಟಿಸಿದರು. ಲೆಫ್ಟಿನೆಂಟ್ ನ್ಯಾಷ್ ಎಂಬವನು ಇನ್ನಷ್ಟು ಸಿಪಾಯಿಗಳೊಡನೆ ಬಂದು ಸೇರಿಕೊಂಡ. ಅನಂತರ ಕಮರುದ್ದೀನ್ ಖಾನನ ನಾಯಕತ್ವದಲ್ಲಿ ದೊಡ್ಡ ಸೈನ್ಯ ಬಂತು. ಪಾಲಕ್ಕಾಡಿನಿಂದ ಸಹಾಯಕ್ಕೆ ಹೊರಟ ಮೇಜರ್ ಕಪ್ಪೇಜ್ ತಲುಪಲಾರದೆ ಹಿಂದಿರುಗಿದ. ನವೆಂಬರ್ ಆರಂಭದಲ್ಲಿ ಕೋಟೆ ಶರಣಾಯಿತು. ಸೈನಿಕರನ್ನು ಪಾಲಕ್ಕಾಡಿಗೆ ಬಿಡುವುದೆಂದು ಕಮರುದ್ದೀನ್ ಮಾತು ಕೊಟ್ಟಿದ್ದ. ಟಿಪ್ಪು ಅದನ್ನು ಒಪ್ಪಲಿಲ್ಲ. ಅವರೆಲ್ಲ ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋದರು. ೧೭೯೨ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ರಾಜಧಾನಿಯನ್ನು ಮುತ್ತಿದಾಗ, ಟಿಪ್ಪು ಚಾಲ್ಮರ್ಸ್ ಮತ್ತು ನ್ಯಾಷ್ ಇಬ್ಬರನ್ನೂ ಬಿಡುಗಡೆ ಮಾಡಿ ಸಂಧಿಯ ಪತ್ರಗಳೊಡನೆ ಕಳುಹಿಸಿದ.

ಇನ್ನು ಧಾರವಾಡ. ೧೭೯೦ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂನ ಮರಾಠಾ ಸೈನ್ಯ ಅದನ್ನು ಮುತ್ತಿತು. ಕ್ಯಾಪ್ಟನ್ ಲಿಟ್ಲ್‌ನ ಮುಂಬಯಿ ಸಿಪಾಯಿಗಳೂ ಜೊತೆಗಿದ್ದರು. ಒಳಗೆ ಇದ್ದವನು ಟಿಪ್ಪುವಿನ ದಳಪತಿ ಬದ್ರುಜ್ಜಮಾನ್ ಖಾನ್. ೧೭೯೧ರ ಏಪ್ರಿಲ್‌ವರೆಗೆ, ಆರು ತಿಂಗಳಿಗೂ ಮೇಲೆ, ಆ ಕೋಟೆ ಬಗ್ಗಲಿಲ್ಲ. ಕೊನೆಗೆ ಷರತ್ತಿನ ಮೇಲೆ ಶರಣಾಯಿತು. ಆದರೆ ಸೈನ್ಯ ಹೊರಬಂದ ಮೇಲೆ ಅದರ ಮೇಲೆ ದಾಳಿಯಾಗಿ ಬದ್ರುಜ್ಜಮಾನ್ ಸೆರೆಸಿಕ್ಕ. ಷರತ್ತನ್ನು ಮೊದಲು ಮುರಿದವರು ಯಾರು ಎಂಬುದಕ್ಕೆ ಎರಡು ಕಡೆಯವರೂ ಎರಡು ಉತ್ತರ ಕೊಟ್ಟರು.

ವಿದ್ಯಾರ್ಥಿಗಳೇ, ಈ ಎರಡನ್ನೂ ತೂಗಿ ನೋಡಿರಿ. ಎರಡು ಕಡೆಯೂ ದೊಡ್ಡ ಸೈನ್ಯದ ಎದುರು ತಿಂಗಳುಗಟ್ಟಲೆ ಹಿಡಿದು ನಿಂತವರಿದ್ದರು. ಎರಡು ಕಡೆಯೂ ಶರಣಾಗತಿಯ ಮಾತು ನಡೆಯಲಿಲ್ಲ. ಆದರೆ ಇಂಗ್ಲಿಷ್ ಚರಿತ್ರೆಗಳಲ್ಲಿ ಕೊಯಮತ್ತೂರಿನ ರಕ್ಷಣೆ ಶೌರ್ಯದ ಅಧ್ಯಾಯವಾಯಿತು, ಟಿಪ್ಪು ವಚನಭ್ರಷ್ಟನಾದ. ಧಾರವಾಡದಲ್ಲಿ ನಡೆದದ್ದು ಯುದ್ಧದ ನೂರೆಂಟು ಸಂಗತಿಗಳಲ್ಲಿ ಒಂದಾಯಿತು. ಹಾಗಾದರೆ ನಮ್ಮವರು ಧಾರವಾಡವನ್ನು ನೆನೆದರೋ? ಅದೂ ಇಲ್ಲ. ನಮ್ಮ ವೇದಿಕೆಗಳ ಭಾಷಣಗಳಲ್ಲಿ ಬದ್ರುಜ್ಜಮಾನನ ಹೆಸರನ್ನು ನಾವು ಕೇಳಿದ್ದು ಕಡಿಮೆ. ಏಕೆಂದರೆ ಆ ಕೋಟೆ ಕೊನೆಗೆ ಬಿತ್ತು. ಬಿದ್ದ ಕೋಟೆಯ ಮಾತು ಯಾರಿಗೆ ಬೇಕು? ಕೊಯಮತ್ತೂರಿನಲ್ಲಿ ಕಮರುದ್ದೀನ್ ಕೊಟ್ಟ ಮಾತನ್ನು ದೊರೆ ಉಳಿಸಲಿಲ್ಲ ಎಂಬುದನ್ನೂ ನಾವು ಹೇಳುವುದಿಲ್ಲ. ಅವರು ತಮಗೆ ಬೇಕಾದ್ದನ್ನು ತೂಗಿದರು, ನಾವು ತಕ್ಕಡಿಯನ್ನೇ ಮುಟ್ಟಲಿಲ್ಲ.

ಪದಗಳ ಮೇಲಾಟವನ್ನೂ ಗಮನಿಸಬೇಕು. ಇದು ಕನ್ನಡ ಮೇಷ್ಟ್ರ ಕೆಲಸವೇ. 'ಹಿಂದೆ ಸರಿದರು', 'ಹಿಮ್ಮೆಟ್ಟಿದರು', 'ಪಲಾಯನ ಮಾಡಿದರು', 'ಓಡಿಹೋದರು'. ನಾಲ್ಕರಲ್ಲಿಯೂ ಸೈನ್ಯ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ. ಆದರೆ ಓದುವವನ ಮನಸ್ಸಿನಲ್ಲಿ ನಾಲ್ಕು ಚಿತ್ರ ಮೂಡುತ್ತವೆ. ೧೭೯೦ರ ಸೆಪ್ಟೆಂಬರಿನಲ್ಲಿ ಟಿಪ್ಪು ಗಜ್ಜಲಹಟ್ಟಿ ಕಣಿವೆಯಿಂದ ಇಳಿದು ಬಂದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡ್‌ನ ಮೇಲೆ ಬಿದ್ದ. ಫ್ಲಾಯ್ಡ್ ಕೆಲವು ಫಿರಂಗಿಗಳನ್ನು ಬಿಟ್ಟು ಕೊಯಮತ್ತೂರಿನ ಕಡೆಗೆ ಹೊರಟ. ದಾರಿಯಲ್ಲಿ ಮತ್ತೆ ಕಾಳಗವಾಯಿತು. ಟಿಪ್ಪುವಿನ ಭಾವಮೈದುನ ಬುರ್ಹಾನುದ್ದೀನ್ ಅಲ್ಲಿ ಸತ್ತ. ಕೊನೆಗೆ ಫ್ಲಾಯ್ಡ್ ತನ್ನವರನ್ನು ಸೇರಿಕೊಂಡ. ಇದನ್ನು 'ಶಿಸ್ತಿನ ಹಿನ್ನಡೆ' ಎಂದು ಒಬ್ಬ ಬರೆಯಬಹುದು, 'ಫಿರಂಗಿ ಬಿಟ್ಟು ಓಡಿದರು' ಎಂದು ಇನ್ನೊಬ್ಬ ಬರೆಯಬಹುದು. ಬಿಟ್ಟ ಫಿರಂಗಿ, ಸತ್ತ ಸೇನಾನಿ, ಉಳಿದ ಸೈನ್ಯ, ಈ ಮೂರನ್ನೂ ಒಟ್ಟಿಗೆ ಹೇಳಿದವನೇ ನಂಬತಕ್ಕವನು.

ಪೊಲ್ಲಿಲೂರಿನದೂ ಇದೇ ಕಥೆ. ೧೭೮೦ರ ಸೆಪ್ಟೆಂಬರ್ ೧೦ರಂದು ಕಾಂಚೀಪುರದ ಸಮೀಪದಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಸುಮಾರು ೩,೮೦೦ ಮಂದಿಯ ದಳವನ್ನು ಪೂರ್ತಿ ನಾಶಮಾಡಿದರು. ಭಾರತದಲ್ಲಿ ಕಂಪನಿ ಅದುವರೆಗೆ ಇಂಥ ಪೆಟ್ಟು ತಿಂದಿರಲಿಲ್ಲ. ಹಲವು ಇಂಗ್ಲಿಷ್ ಬರಹಗಳು ಇದಕ್ಕೆ ಕೊಟ್ಟ ಕಾರಣ, ಬೇಲಿಯ ಮದ್ದಿನ ಬಂಡಿಗಳಿಗೆ ಬೆಂಕಿ ಬಿತ್ತು, ಹತ್ತಿರದಲ್ಲೇ ಇದ್ದ ಮನ್ರೋ ಸಹಾಯಕ್ಕೆ ಹೋಗಲಿಲ್ಲ ಎಂಬುದು. ಎರಡೂ ನಿಜವೇ. ಆದರೆ ಎರಡು ದಳಗಳನ್ನು ಸೇರಗೊಡದಂತೆ ಬೇರೆ ಮಾಡಿ ಹಿಡಿದ ಯುಕ್ತಿ ಯಾರದು? ನಾವು ಗೆದ್ದರೆ ಶೌರ್ಯ, ನೀವು ಗೆದ್ದರೆ ಆಕಸ್ಮಿಕ ಎಂದರೆ ಅದು ಚರಿತ್ರೆಯಲ್ಲ. ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್‌ನ ಗೋಡೆಯ ಮೇಲೆ ಈ ಕಾಳಗದ ದೊಡ್ಡ ಚಿತ್ರವನ್ನು ನೋಡಿರುತ್ತೀರಿ. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ, ಸುತ್ತಲೂ ಮೈಸೂರಿನ ಕುದುರೆಸಾಲು. ಆ ಗೋಡೆಯಲ್ಲಿ ಪೊಲ್ಲಿಲೂರು ಉಂಟು, ಮರುವರ್ಷ ಜುಲೈ ೧ರಂದು ಪರಂಗಿಪೇಟೆಯಲ್ಲಿ ಸರ್ ಐರ್ ಕೂಟನ ಎದುರು ಹೈದರ್ ಸೋತ ಕಾಳಗ ಇಲ್ಲ. ಅರಸರ ಗೋಡೆಗಳೂ ಆರಿಸಿಕೊಂಡೇ ಚಿತ್ರ ಬರೆಸುತ್ತವೆ. ಇನ್ನೊಂದು ಸೋಜಿಗವೆಂದರೆ, ಮಾಸಿಹೋಗಿದ್ದ ಈ ಚಿತ್ರವನ್ನು ಮತ್ತೆ ಬಣ್ಣ ಹಾಕಿಸಿ ಉಳಿಸಿದವರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯೂ ಒಬ್ಬ. ತನ್ನವರ ಸೋಲಿನ ಚಿತ್ರವನ್ನು ಗೆದ್ದ ಮೇಲೆ ಉಳಿಸುವುದು ಸುಲಭ ಎನ್ನಬಹುದು. ಆದರೂ ಉಳಿಸಿದ್ದರಿಂದ ನಮಗೆ ನೋಡಲು ಸಿಕ್ಕಿತು.

ಈಗ ನಮ್ಮ ಚರ್ಚೆಯ ವಿಷಯಕ್ಕೆ ಬರೋಣ. ೧೭೯೯ರ ಮೇ ೪ರ ಮಧ್ಯಾಹ್ನ ಶ್ರೀರಂಗಪಟ್ಟಣ ಬಿತ್ತು. ದಿವಾನ ಮೀರ್ ಸಾದಿಕ್ ಸಂಬಳ ಹಂಚುವ ನೆಪದಲ್ಲಿ ಗೋಡೆಯ ಮೇಲಿನ ಸೈನಿಕರನ್ನು ಕರೆದುಬಿಟ್ಟ ಎಂಬ ಮಾತು ಅಂದಿನಿಂದ ಇಂದಿನವರೆಗೆ ನಡೆದುಬಂದಿದೆ. ದ್ರೋಹವೇ ನಡೆಯಲಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಒಬ್ಬನ ದ್ರೋಹದಿಂದಲೇ ಒಂದು ರಾಜ್ಯ ಬಿತ್ತೆಂದರೆ ಉಳಿದ ಲೆಕ್ಕವೆಲ್ಲ ಎಲ್ಲಿಗೆ ಹೋಯಿತು? ಏಳು ವರ್ಷ ಹಿಂದೆಯೇ ಟಿಪ್ಪು ರಾಜ್ಯದ ಅರ್ಧವನ್ನು ಕಳೆದುಕೊಂಡಿದ್ದ. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಹೊತ್ತಿದ್ದ. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಿದ್ದ. ೧೭೯೯ರಲ್ಲಿ ಮದರಾಸಿನಿಂದ ಹ್ಯಾರಿಸನ ಸೈನ್ಯ, ಮುಂಬಯಿ ಕಡೆಯಿಂದ ಸ್ಟುವರ್ಟನ ಸೈನ್ಯ, ಜೊತೆಗೆ ನಿಜಾಮನ ಸೈನ್ಯ ಒಟ್ಟಿಗೆ ಬಂದವು. ಇಷ್ಟಾದರೂ ಮುತ್ತಿಗೆಯ ಕೊನೆಯಲ್ಲಿ ಹ್ಯಾರಿಸನ ಪಾಳೆಯದಲ್ಲಿ ದವಸ ಮುಗಿಯುತ್ತ ಬಂದಿತ್ತು. ಅಂದರೆ ಅದು ಸುಲಭದ ಗೆಲುವಾಗಿರಲಿಲ್ಲ, ತಡೆದು ನಿಂತವರು ಇದ್ದರು. ಇದನ್ನೇ ನಾವು ಒತ್ತಿ ಹೇಳಬೇಕೆಂದಿರುವುದು. ಎಲ್ಲವನ್ನೂ ದ್ರೋಹದ ತಲೆಗೆ ಕಟ್ಟಿದರೆ, ಬಿರುಕು ಬಿಟ್ಟ ಗೋಡೆಯ ಬಳಿ ನಿಂತು ಸತ್ತ ಸಾವಿರಾರು ಮಂದಿಯನ್ನು ಚರಿತ್ರೆಯಿಂದ ಅಳಿಸಿದಂತೆಯೇ ಆಯಿತು. ಅವರು ಸತ್ತದ್ದು ಕಾದಾಡಿ. ಅದನ್ನು ಮರೆಸಿದ್ದು ಇಂಗ್ಲಿಷರಲ್ಲ, ಅಭಿಮಾನದಿಂದಲೇ ಮಾತನಾಡುವ ನಾವು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಸೋಲನ್ನು ಮುಚ್ಚಿಟ್ಟರೆ ಅದರೊಡನೆ ಶೌರ್ಯವೂ ಮುಚ್ಚಿಹೋಗುತ್ತದೆ.

ಇದು ಎರಡು ಶತಮಾನದ ಹಿಂದಿನ ಮಾತು ಮಾತ್ರವಲ್ಲ. ೧೯೬೨ರಲ್ಲಿ ಚೀನದೊಡನೆ ನಡೆದ ಯುದ್ಧದಲ್ಲಿ ನಮ್ಮ ದೇಶ ಸೋತಿತು. ಸೋಲಿನ ಕಾರಣಗಳನ್ನು ವಿಚಾರಿಸಲು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ ಅವರನ್ನು ನೇಮಿಸಲಾಯಿತು. ೧೯೬೩ರಲ್ಲಿ ಅವರು ಕೊಟ್ಟ ವರದಿಯನ್ನು ಐವತ್ತು ವರ್ಷ ಕಳೆದರೂ ಸರ್ಕಾರ ಪ್ರಕಟಿಸಿರಲಿಲ್ಲ. ೨೦೧೪ರಲ್ಲಿ ಪತ್ರಕರ್ತರೊಬ್ಬರ ಮೂಲಕ ಅದರ ಒಂದು ಭಾಗ ಹೊರಬಿತ್ತು. ಅದೇ ಯುದ್ಧದಲ್ಲಿ, ನವೆಂಬರ್ ೧೮ರಂದು, ಲಡಾಖಿನ ರೆಜಾಂಗ್ ಲಾ ಎಂಬ ಕಣಿವೆಯನ್ನು ೧೩ನೆಯ ಕುಮಾವೂ ಪಡೆಯ ಒಂದು ಕಂಪನಿ ಕಾಯುತ್ತಿತ್ತು. ಸುಮಾರು ೧೨೦ ಮಂದಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಸತ್ತರು. ಅವರ ನಾಯಕ ಮೇಜರ್ ಶೈತಾನ್ ಸಿಂಗ್ ಅವರೂ ಸತ್ತರು. ಉಳಿದ ಕೆಲವರು ಬಂದು ಹೀಗಾಯಿತೆಂದು ಹೇಳಿದಾಗ ಮೊದಮೊದಲು ನಂಬಿದವರು ಕಡಿಮೆ. ಸೋತ ಯುದ್ಧದಲ್ಲಿ ಇಂಥ ಕಾದಾಟ ಎಲ್ಲಿಂದ ಬಂತು ಎಂದು ಜನ ಅನುಮಾನಪಟ್ಟರು. ೧೯೬೩ರಲ್ಲಿ ಹಿಮ ಕರಗುವ ಹೊತ್ತಿಗೆ ಆ ಬೆಟ್ಟದ ಮೇಲೆ ಶವಗಳು ಸಿಕ್ಕವು. ಹಲವರು ಬಂದೂಕು ಹಿಡಿದ ಸ್ಥಿತಿಯಲ್ಲೇ ಹೆಪ್ಪುಗಟ್ಟಿದ್ದರು. ಆಗ ದೇಶ ತಲೆಬಾಗಿತು, ಮೇಜರ್ ಶೈತಾನ್ ಸಿಂಗ್ ಅವರಿಗೆ ಪರಮವೀರ ಚಕ್ರ ಸಂದಿತು. ಆ ಯುದ್ಧದ ಬಗ್ಗೆ ಮಾತನಾಡಲೇ ಬಾರದು ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ, ಈ ನೂರು ಮಂದಿಗೆ ನ್ಯಾಯ ಸಿಗುತ್ತಿತ್ತೇ?

ಸೈನಿಕನ ತಂದೆಯಾದ ಆ ಹಿರಿಯರಿಗೆ ನಾವು ಹೇಳಬೇಕೆಂದಿರುವುದು ಇದನ್ನೇ. ಅಯ್ಯಾ, ನಿಮ್ಮ ಭಯ ನಮಗೆ ಅರ್ಥವಾಗುತ್ತದೆ. ಮನೆಯಲ್ಲಿ ತಾಯಿ ದಿನವೂ ದೀಪ ಹಚ್ಚಿ ಕೇಳಿಕೊಳ್ಳುವಾಗ ಸೋಲಿನ ಮಾತು ಕಿವಿಗೆ ಕಹಿಯೇ. ಆದರೆ ಗೆದ್ದ ಕಥೆಯನ್ನಷ್ಟೇ ಹೇಳುವ ಸಮಾಜ ಸೈನಿಕನಿಗೆ ಒಂದು ಕಠಿಣವಾದ ಷರತ್ತು ಹಾಕುತ್ತದೆ. ಗೆದ್ದು ಬಂದರೆ ಹಾರ, ಸೋತು ಬಂದರೆ ಮೌನ. ಸೋಲಿಗೆ ಕಾರಣ ಯೋಜನೆಯ ತಪ್ಪೋ, ಚಳಿಗೆ ತಕ್ಕ ಬಟ್ಟೆ ಇಲ್ಲದ್ದೋ, ಸಹಾಯ ಬಾರದಿದ್ದದ್ದೋ ಎಂದು ಕೇಳುವ ಜನ ಇದ್ದರೇ ಮುಂದಿನ ಸಲ ಆ ತಪ್ಪು ತಿದ್ದಲ್ಪಡುವುದು. ಕೇಳದ ಜನರ ನಡುವೆ ಎಲ್ಲ ತಪ್ಪೂ ಸತ್ತವನ ತಲೆಯ ಮೇಲೆ ಬೀಳುತ್ತದೆ. ನಿಮ್ಮ ಮಗಳು ಕೇಳಿದ ಪ್ರಶ್ನೆ ಅಣ್ಣನ ವಿರುದ್ಧವಾದುದಲ್ಲ. ಅಣ್ಣನ ಪರವಾದುದು.

ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ಒಂದು ಸೈನ್ಯ ಚೆನ್ನಾಗಿ ಕಾದಾಡಿತೆಂದು ಒಪ್ಪಿದರೆ ಅದರ ಅರಸ ಮಾಡಿದ್ದೆಲ್ಲವೂ ಸರಿ ಎಂದು ಒಪ್ಪಿದಂತಲ್ಲ. ೧೭೮೪ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ನಡೆದ ಸಂಗತಿ. ಕೊಡಗಿನವರ ನೋವು, ಮಲಬಾರಿನವರ ನೋವು ಅವರವರ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಕಬ್ಬಿಣದ ಕೊಳವೆಯ ಮೈಸೂರು ರಾ‌ಕೆಟ್ಟುಗಳನ್ನು ಇಂಗ್ಲಿಷರು ಒಯ್ದು ಪರೀಕ್ಷಿಸಿದ್ದೂ, ಆಮೇಲೆ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ್ದೂ ನಡೆದ ಸಂಗತಿಯೇ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಕರ್ನಾಟಕದಲ್ಲಿ ೨೦೧೫ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು, ೨೦೧೯ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಜಯಂತಿ ಮಾಡುವುದು, ಬಿಡುವುದು ಸರ್ಕಾರಗಳ ಇಷ್ಟ. ಆದರೆ ಶಾಲೆಯಲ್ಲಿ ನಾವು ಮಾಡಬೇಕಾದದ್ದು ಆರಾಧನೆಯೂ ಅಲ್ಲ, ದೂಷಣೆಯೂ ಅಲ್ಲ, ವಿಚಾರಣೆ.

ಹಾಗಾದರೆ ಯುದ್ಧದ ಕಥೆ ಓದುವಾಗ ವಿದ್ಯಾರ್ಥಿಗಳು ಏನು ಮಾಡಬೇಕು? ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇದನ್ನು ಬರೆದವನು ಯಾರು, ಯಾವಾಗ ಬರೆದ? ಸತ್ತವರ ಲೆಕ್ಕವನ್ನು ಎರಡು ಕಡೆಯೂ ಕೊಟ್ಟಿದ್ದಾನೆಯೇ, ಒಂದೇ ಕಡೆಯೇ? ತನ್ನವರ ಸೋಲಿಗೆ ಒಂದು ಕಾರಣ, ಎದುರಾಳಿಯ ಸೋಲಿಗೆ ಇನ್ನೊಂದು ಬಗೆಯ ಕಾರಣ ಕೊಡುತ್ತಾನೆಯೇ? ದಳಪತಿಗಳ ಹೆಸರಿನ ಹಿಂದೆ ಇದ್ದ ಸಾಮಾನ್ಯರು, ಸುತ್ತಲಿನ ಹಳ್ಳಿಯವರು ಅವನ ಕಣ್ಣಿಗೆ ಬಿದ್ದಿದ್ದಾರೆಯೇ?

ಕೊನೆಯ ಪ್ರಶ್ನೆ ನಮ್ಮೂರಿನವರಿಗೆ ಬಹಳ ಮುಖ್ಯ. ಟಿಪ್ಪು ಸತ್ತ ಮರುವರ್ಷ, ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತುತ್ತ ಕೊಯಮತ್ತೂರು, ಪೊಳ್ಳಾಚಿಗಳನ್ನು ಹಾದು ಪಾಲಕ್ಕಾಡಿನ ಕಡೆಗೆ ಹೋದ. ಅವನೂ ಗೆದ್ದವರ ಕಡೆಯವನೇ. ಆದರೂ ಅವನು ಯಾವ ನೆಲದಲ್ಲಿ ಯಾವ ಬೆಳೆ, ನೇಕಾರನ ಮಗ್ಗದ ಸ್ಥಿತಿ ಏನು, ಕೆರೆ ಒಡೆದಿದೆಯೋ ಉಳಿದಿದೆಯೋ ಎಂದು ಕೇಳಿ ಬರೆದುಕೊಂಡ. ಮೇಲಿಂದ ಮೇಲೆ ದಂಡು ಹಾದುಹೋದ ನಾಡಿನಲ್ಲಿ ರೈತನ ಎತ್ತು ಫಿರಂಗಿಗೆ ಹೂಡಲ್ಪಡುತ್ತದೆ, ಕಣದ ದವಸ ಪಾಳೆಯಕ್ಕೆ ಹೋಗುತ್ತದೆ. ಗೆದ್ದವರು ಯಾರಾದರೂ ಆ ರೈತನಿಗೆ ನಷ್ಟವೇ. ಕೊಯಮತ್ತೂರಿನ ಕೋಟೆ ಇಂದು ಇಲ್ಲ, ಕೋಟೈಮೇಡು ಎಂಬ ಹೆಸರು ಉಳಿದಿದೆ. ಅಲ್ಲಿ ಆಗಸ್ಟ್ ೧೧ರಂದು ಏಣಿ ಹತ್ತಿ ಬಿದ್ದು ಸತ್ತ ಮೈಸೂರಿನ ಸಿಪಾಯಿಯ ಹೆಸರು ನಮಗೆ ಗೊತ್ತಿಲ್ಲ. ಒಳಗಿನಿಂದ ಅವನನ್ನು ತಳ್ಳಿದ ತಿರುವಿತಾಂಕೂರಿನ ಸಿಪಾಯಿಯ ಹೆಸರೂ ಗೊತ್ತಿಲ್ಲ. ಚಾಲ್ಮರ್ಸ್ ಮತ್ತು ನ್ಯಾಷ್ ಮಾತ್ರ ಪುಸ್ತಕದಲ್ಲಿ ಉಳಿದರು. ಆ ಮೈಸೂರಿನ ಸಿಪಾಯಿ ಸಾಯುವಾಗ ಅವ್ವಾ ಎಂದಿದ್ದರೆ, ಬಹುಶಃ ನಮ್ಮ ಕನ್ನಡದಲ್ಲೇ ಎಂದಿರಬೇಕು.

ಹುಡುಗಿ ಕೇಳಿದಳಲ್ಲ, "ನಾವು ಯಾರ ಕಡೆ?" ಎಂದು. ಮಗು, ನಾವು ಮೈಸೂರನ್ನು ಪ್ರೀತಿಸಬಹುದು, ಅದು ನಮ್ಮ ಭಾಷೆಯ ನಾಡು. ಕೊಂಗುನಾಡನ್ನೂ ಪ್ರೀತಿಸಬೇಕು, ಇದು ನಮಗೆ ಅನ್ನ ಕೊಟ್ಟ ನೆಲ. ಆದರೆ ಯುದ್ಧದ ಕಥೆ ಓದುವಾಗ ನಮ್ಮೂರಿನ ಟೊಮ್ಯಾಟೊ ಮಂಡಿಯನ್ನು ನೆನೆದುಕೋ. ನೆಂಟರ ಹೊಲದ ಹಣ್ಣಿಗೆ ಒಂದು ತಕ್ಕಡಿ, ಪಕ್ಕದೂರಿನವರ ಹಣ್ಣಿಗೆ ಇನ್ನೊಂದು ತಕ್ಕಡಿ ಇಟ್ಟ ವ್ಯಾಪಾರಿಯ ಬಳಿಗೆ ಯಾರೂ ಎರಡನೆಯ ಸಲ ಹೋಗುವುದಿಲ್ಲ. ಚರಿತ್ರೆ ಬರೆಯುವವನೂ, ಓದುವವನೂ ಹಾಗೆಯೇ. ಸೋಲಿಗೂ ಗೆಲುವಿಗೂ, ನಮ್ಮವರಿಗೂ ಅವರಿಗೂ ಒಂದೇ ತಕ್ಕಡಿ ಹಿಡಿದವರ ಕಡೆ ನಾವು.

ಮುಂದಿನ ವರ್ಷ ಮಕ್ಕಳನ್ನು ಪಾಲಕ್ಕಾಡಿನ ಕೋಟೆಗೆ ಪ್ರವಾಸ ಕರೆದೊಯ್ಯಬೇಕೆಂಬ ಆಸೆ ನಮಗಿದೆ. ಕಣಿವೆಯ ಆಚೆಯ ಶಾಲೆಯೊಂದರ ಮಕ್ಕಳನ್ನೂ ಅಲ್ಲಿಗೆ ಬರುವಂತೆ ಕೇಳಿಕೊಳ್ಳುತ್ತೇವೆ. ಅವರು ತಮ್ಮ ಮನೆಯಲ್ಲಿ ಕೇಳಿದ ಕಥೆ ಹೇಳಲಿ, ನಮ್ಮವರು ತಮ್ಮ ಮನೆಯ ಕಥೆ ಹೇಳಲಿ. ಇಬ್ಬರೂ ಒಂದೇ ಗೋಡೆಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಲಿ. ಪೋಷಕರು ಸಂತೋಷದಿಂದ ಅನುಮತಿ ಕೊಡಬೇಕೆಂದು ಕೋರುತ್ತೇವೆ. ರಜೆಯ ಮೇಲೆ ಊರಿಗೆ ಬಂದಿದ್ದರೆ, ಆ ಹುಡುಗಿಯ ಅಣ್ಣನೂ ನಮ್ಮೊಡನೆ ಬರಲಿ. ಕೋಟೆಯನ್ನು ಕಾಯುವುದೆಂದರೆ ಏನೆಂದು ನಮ್ಮ ಮಕ್ಕಳಿಗೆ ಹೇಳಲು ಈ ಮೇಷ್ಟ್ರಿಗಿಂತ ಅವನೇ ಯೋಗ್ಯನು.